ರೋಗ ಬಂದ್ರೂ ಪಕ್ಕದ ಹಸುಗೆ ದಾಟಿಸದ ಹಸು: ಇಂಥದ್ದು ನಿಜವಾಗ್ಲೂ ಇದ್ಯಾ?

ಹಾಸನ_ಹೈನು

ಎಲ್ಲರಿಗೂ ನಮಸ್ಕಾರ. ನಮ್ದು ಚನ್ನರಾಯಪಟ್ಟಣದ ಕಡೆ, ಕೊಟ್ಟಿಗೇಲಿ ಎಚ್‌ಎಫ್ ಕ್ರಾಸ್ (ಹೋಲ್‌ಸ್ಟೀನ್ ಅನ್ನೋ ಸೀಮೆ ತಳಿ ಬೆರೆತ) ಹಸುಗಳೇ ಜಾಸ್ತಿ, ಜೊತೆಗೆ ಒಂದು ಜೋಡಿ ಹಳ್ಳಿಕಾರ್. ಚರ್ಮಗಂಟು ರೋಗ ಊರಿಗೆ ಬಂದು ಹೋದಾಗಿಂದ ಒಂದು ಪ್ರಶ್ನೆ ತಲೇಲಿ ಕೂತಿದೆ, ಇಲ್ಲಿ ತಿಳಿದವ್ರು ಇದೀರ ಅಂತ ಕೇಳ್ತಿದೀನಿ. ಒಂದೇ ಗೋದಲಿ, ಒಂದೇ ನೀರು, ಅದೇ ನೊಣ ಅದೇ ಸೊಳ್ಳೆ, ಆದ್ರೂ ಒಂದು ಹಸುಗೆ ಮೈ ತುಂಬ ಗಂಟಾಗಿ ಕಾಲು ಊದಿ ಹಾಲು ಪೂರ್ತಿ ನಿಂತೋಯ್ತು, ಪಕ್ಕದಲ್ಲೇ ಕಟ್ಟಿದ್ದ ಇನ್ನೊಂದಕ್ಕೆ ಸ್ವಲ್ಪ ಜ್ವರ ಬಂದು ಹೋಯ್ತು ಅಷ್ಟೇ. ಎರಡೂ ಒಂದೇ ತಾಯಿ ಮಕ್ಕಳು, ಸೆಮೆನ್ ಮಾತ್ರ ಬೇರೆ ಬೇರೆ ಹೋರಿದು.

ಊರಲ್ಲಿ ಹಿರಿಯರು ಹೇಳೋದು ಒಂದೇ ಮಾತು, ಸೀಮೆ ಹಸು ಬಿಟ್ಟು ನಾಟಿ ಕಟ್ರಪ್ಪ ಯಾವ ರೋಗಾನೂ ಬರಲ್ಲ ಅಂತ. ಇನ್ನೊಂದು ಕಡೆ ಯೂಟ್ಯೂಬಲ್ಲಿ ಅಮೆರಿಕದವ್ರು ವೈರಸ್ ತಗುಲದ ಕರು ಹುಟ್ಟಿಸಿದ್ದಾರೆ, ಅದೂ ನಮ್ಮ ಗಿರ್ ತಳಿ ಕರು ಅಂತ ಒಂದು ವಿಡಿಯೋ ಬಂತು. ಇದು ನಿಜಾನಾ? ರೋಗ ತಡೆಯೋ ಗುಣ ರಕ್ತದಲ್ಲೇ ಬರೋದಾದ್ರೆ, ಹಾಲು ನೋಡಿ ಹೋರಿ ಆರಿಸೋ ಹಾಗೆ ರೋಗ ನೋಡಿ ಹೋರಿ ಆರಿಸೋಕ್ಕಾಗಲ್ವಾ?

ಮಲೆನಾಡ_ಪಶುವೈದ್ಯ

ಒಳ್ಳೆ ಪ್ರಶ್ನೆ ಕೇಳಿದೀರಿ. ಉತ್ತರ ಹೇಳೋಕ್ ಮುಂಚೆ ಒಂದು ವಿಷಯ ಬಿಡಿಸಿಕೊಳ್ಳಬೇಕು, ಇಲ್ಲಾಂದ್ರೆ ಇಡೀ ಚರ್ಚೆ ಗೋಜಲಾಗುತ್ತೆ. ನಾವು "ರೋಗ ತಡೆಯೋ ಹಸು" ಅಂದಾಗ ಮೂರು ಬೇರೆ ಬೇರೆ ಗುಣಗಳನ್ನ ಒಂದೇ ಮಾತಲ್ಲಿ ಹೇಳ್ತಾ ಇರ್ತೀವಿ. ವೈರಸ್ ಒಳಗೇ ಹೋಗದ ಹಸು ಒಂದು. ಒಳಗೆ ಹೋದ್ರೂ ಹಸು ಹೆಚ್ಚು ನರಳದೇ ಇರೋದು ಇನ್ನೊಂದು. ಒಳಗೆ ಹೋಗಿದೆ, ಆದ್ರೆ ಆ ಹಸುವಿಂದ ಬೇರೆ ಹಸುಗೆ ದಾಟೋದಿಲ್ಲ, ಇದು ಮೂರನೇದು. ರೈತರಿಗೆ ಕಣ್ಣಿಗೆ ಕಾಣೋದು ಎರಡನೇದು ಮಾತ್ರ. ಆದ್ರೆ ಊರಲ್ಲಿ ರೋಗ ಹಬ್ಬುತ್ತೋ ನಿಲ್ಲುತ್ತೋ ಅನ್ನೋದನ್ನ ತೀರ್ಮಾನ ಮಾಡೋದು ಮೊದಲನೇದು ಮತ್ತೆ ಮೂರನೇದು.

ಕಾಲುಬಾಯಿ ಜ್ವರಾನೇ ತಗೊಳ್ಳಿ. ನಾಟಿ ದನಗಳಲ್ಲಿ ಲಕ್ಷಣ ಹಗುರ ಇರೋದು ನಾನೂ ನೋಡಿದೀನಿ, ಒಂದೆರಡು ದಿನ ಜೊಲ್ಲು ಸುರಿಸಿ ಕುಂಟಿ ಮತ್ತೆ ಮೇಯೋಕೆ ಶುರು ಮಾಡ್ತಾವೆ, ಸೀಮೆ ಹಸು ಅದೇ ರೋಗಕ್ಕೆ ನೆಲ ಹಿಡಿಯುತ್ತೆ. ಆದ್ರೆ ಹಗುರವಾಗಿ ಬಂದ ನಾಟಿ ದನದ ಜೊಲ್ಲಲ್ಲೂ ಉಸಿರಲ್ಲೂ ವೈರಸ್ ಇರುತ್ತೆ. ಮಾಲೀಕರಿಗೆ ರೋಗ ಬಂದಿದೆ ಅಂತಾನೇ ಗೊತ್ತಾಗದೆ ಸಂತೆಗೆ ಹೊಡ್ಕೊಂಡು ಹೋಗ್ತಾರೆ. ಆ ದನ ತಾನು ಗಟ್ಟಿ, ಒಪ್ಪೋಣ, ಪಕ್ಕದ ದನಕ್ಕೆ ಮಾತ್ರ ಅದ್ರಿಂದ ರಕ್ಷಣೆ ಇಲ್ಲ.

ಗಂಟು ರೋಗದಲ್ಲಿ ಕಥೆ ಉಲ್ಟಾ. ಇಂಗ್ಲೆಂಡಿನ ಪಿರ್‌ಬ್ರೈಟ್ ಸಂಸ್ಥೆಯವರು 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಗಂಟು ಎದ್ದ ದನದಿಂದ ನೊಣ ಸೊಳ್ಳೆಗೆ ವೈರಸ್ ದಾಟೋ ಸಂಭವ, ಗಂಟು ಏಳದೇ ಒಳಗೇ ಸೋಂಕಿದ್ದ ದನಕ್ಕಿಂತ ಹತ್ತಾರು ಪಟ್ಟು ಜಾಸ್ತಿ ಇತ್ತು. ಅಂದ್ರೆ ನಿಮ್ಮ ಆ ಎರಡನೇ ಹಸು ತಾನೂ ಉಳೀತು, ನೊಣಕ್ಕೂ ಹೆಚ್ಚು ವೈರಸ್ ಕೊಡಲಿಲ್ಲ ಅಂತ ಊಹಿಸಬಹುದು. ಆದ್ರೆ ಅದು ಹೋರಿಯಿಂದ ಬಂದ ಗುಣಾನಾ, ಆ ಹೊತ್ತಿಗೆ ಎಷ್ಟು ನೊಣ ಕಚ್ಚಿತ್ತು ಅನ್ನೋದರ ಫಲಾನಾ ಅಂತ ಒಂದು ಜೊತೆ ಹಸು ನೋಡಿ ಹೇಳೋಕ್ಕಾಗಲ್ಲ. ಗಂಟು ರೋಗಕ್ಕೆ ಇಂಥ ಜೀನ್ ನೋಡಿ ಹೋರಿ ಆರಿಸಿ ಅಂತ ಹೇಳೋ ಸ್ಥಿತಿ ಇವತ್ತಿಗೆ ಇಲ್ಲ.

ಧಾರವಾಡ_ಎಮ್ಮಿ

ಡಾಕ್ಟ್ರ, ನಾಟಿ ಬಗ್ಗೆ ಹಂಗ ಹಗುರ ಮಾತಾಡಬ್ಯಾಡ್ರಿ. ನಮ್ಮ ಅಜ್ಜ ಮುತ್ಯಾನ ಕಾಲದಿಂದ ಆಕಳ ಎಮ್ಮಿ ಕಟ್ಟೇವಿ, ಆವಾಗ ಇಷ್ಟು ಸೂಜಿ ಇಷ್ಟು ಔಷಧ ಎಲ್ಲಿತ್ರಿ? ಬಿಸಲಾಗ ತಿರಗ್ಯಾಡಿ ಒಣಾ ಕಣಿಕಿ ತಿಂದು ಬದುಕಿದ ದನಾ ಅವು. ನೂರಾರು ವರ್ಷ ಈ ನೆಲದ ರೋಗಾನ ಎದುರಿಸಿ ಉಳದಾವು ಅಂದ್ರ ಅದರ ರಕ್ತದಾಗ ಏನರ ಇರಬೇಕಲ್ರಿ. ಹೊರಗಿನ ತಳಿ ತಂದು ಹಾಲಿನ ಆಸೆಗೆ ಅದನ್ನೆಲ್ಲಾ ಕಳಕೊಂಡೇವಿ ಅನ್ನೂದು ನನ್ನ ನೋವು.

ಮಲೆನಾಡ_ಪಶುವೈದ್ಯ

@ಧಾರವಾಡ_ಎಮ್ಮಿ ಅಕ್ಕ, ಹಗುರ ಮಾಡಲಿಲ್ಲ. ಉಣ್ಣಿ ಹುಳ, ಉಣ್ಣಿಯಿಂದ ಬರೋ ಜ್ವರ, ಬಿಸಿಲು, ಕಡಿಮೆ ಮೇವು, ಇದನ್ನೆಲ್ಲ ನಮ್ಮ ಡುಬ್ಬದ ದನ ತಾಳೋ ಹಾಗೆ ಸೀಮೆ ಹಸು ತಾಳಲ್ಲ, ಅದರಲ್ಲಿ ಎರಡು ಮಾತಿಲ್ಲ. ನಾನು ಹೇಳೋದು ಇಷ್ಟೇ, ಒಂದು ರೋಗಕ್ಕೆ ಗಟ್ಟಿ ಅಂದ್ರೆ ಎಲ್ಲಾ ರೋಗಕ್ಕೂ ಗಟ್ಟಿ ಅಂತ ಅಲ್ಲ. 2022ರಲ್ಲಿ ಗಂಟು ರೋಗಕ್ಕೆ ದೇಶದಲ್ಲಿ ಒಂದೂವರೆ ಲಕ್ಷದಷ್ಟು ದನ ಸತ್ವು, ಅದರಲ್ಲಿ ದೊಡ್ಡ ಪಾಲು ರಾಜಸ್ಥಾನದ್ದು, ಅಲ್ಲಿ ಸತ್ತಿದ್ದರಲ್ಲಿ ನಾಟಿ ತಳಿ ಬೇಕಾದಷ್ಟಿತ್ತು. ಆ ವೈರಸ್ ನಮ್ಮ ದೇಶಕ್ಕೆ ಬಂದಿದ್ದೇ 2019ರಲ್ಲಿ, ಒಡಿಶಾದಲ್ಲಿ ಮೊದಲು ಸಿಕ್ತು. ನಮ್ಮ ದನ ಅದನ್ನ ಯಾವತ್ತೂ ಎದುರಿಸಿರಲೇ ಇಲ್ಲ, ಎದುರಿಸದ ವೈರಸ್‌ಗೆ ನೂರಾರು ವರ್ಷದ ಆಯ್ಕೆ ಹೇಗೆ ಆಗುತ್ತೆ ಹೇಳಿ.

ಇನ್ನು ಅಜ್ಜನ ಕಾಲ ಅಂದ್ರೆ ದೊಡ್ಡರೋಗ (ರಿಂಡರ್‌ಪೆಸ್ಟ್) ನೆನಪು ಮಾಡ್ಕೊಳ್ಳಿ. ಊರಿಗೆ ಊರೇ ಕೊಟ್ಟಿಗೆ ಖಾಲಿ ಮಾಡಿದ ರೋಗ ಅದು, ಸತ್ತಿದ್ದೂ ನಾಟಿ ದನಾನೇ. ಅದನ್ನ ನಿಲ್ಲಿಸಿದ್ದು ತಳಿ ಅಲ್ಲ, ಲಸಿಕೆ. 2006ರಲ್ಲಿ ಭಾರತಕ್ಕೆ ರೋಗಮುಕ್ತ ಅಂತ ಮಾನ್ಯತೆ ಸಿಕ್ತು, 2011ರಲ್ಲಿ ಇಡೀ ಪ್ರಪಂಚದಿಂದ್ಲೇ ಹೋಯ್ತು.

ಮಿಚಿಗನ್_ಮಂಡ್ಯ

ಇಲ್ಲಿ ನಾನು ಬರಲೇಬೇಕು. ಊರು ಮದ್ದೂರು, ಈಗ ಇರೋದು ಅಮೆರಿಕದ ಮಿಚಿಗನ್‌ನಲ್ಲಿ, ಡೈರಿ ಹಸುಗಳ ರೋಗದ ಕೆಲಸವೇ ನನ್ನ ಹೊಟ್ಟೆಪಾಡು. ಡಾಕ್ಟ್ರು ಹೇಳಿದ ಆ ಮೂರನೇ ಗುಣ ಇದೆಯಲ್ಲ, ಬಂದ್ರೂ ದಾಟಿಸದ ಹಸು, ಅದು ನಿಜವಾಗ್ಲೂ ಇದೆ, ಮತ್ತೆ ಅದಕ್ಕೆ ಜೀನ್ ಕೂಡ ಗೊತ್ತಿದೆ. ಆದ್ರೆ ಅದು ಗಂಟು ರೋಗದಲ್ಲೂ ಅಲ್ಲ ಕಾಲುಬಾಯಿ ಜ್ವರದಲ್ಲೂ ಅಲ್ಲ, ಬಿಎಲ್‌ವಿ ಅನ್ನೋ ವೈರಸ್ಸಲ್ಲಿ. ಬೋವೈನ್ ಲುಕೇಮಿಯಾ ವೈರಸ್, ದನಕ್ಕೆ ರಕ್ತದ ಕ್ಯಾನ್ಸರ್ ತರೋ ವೈರಸ್.

ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ, ಆದ್ರೆ ಇದನ್ನ ಅರ್ಧ ಹೇಳಿದ್ರೆ ಪ್ರಯೋಜನ ಇಲ್ಲ.

ಈ ವೈರಸ್ ಹೋಗಿ ಕೂರೋದು ಬಿಳಿರಕ್ತ ಕಣದ ಡಿಎನ್‌ಎ ಒಳಗೇ. ಒಂದ್ಸಲ ಸೇರಿದ್ರೆ ಹಸು ಸಾಯೋವರೆಗೂ ಇರುತ್ತೆ, ಔಷಧ ಇಲ್ಲ, ಮಾರುಕಟ್ಟೇಲಿ ಲಸಿಕೆ ಇಲ್ಲ. ತಮಾಷೆ ವಿಷಯ ಅಲ್ಲ ಇದು, ಯಾಕಂದ್ರೆ ಬಹುಪಾಲು ಹಸು ನೋಡೋಕೆ ಆರೋಗ್ಯವಾಗೇ ಇರ್ತಾವೆ. ಸುಮಾರು ಮೂರರಲ್ಲಿ ಒಂದಕ್ಕೆ ಬಿಳಿರಕ್ತ ಕಣ ಏರಿ ಹಾಗೇ ಉಳಿಯುತ್ತೆ, ಗಡ್ಡೆ ಆಗೋದು ನೂರಕ್ಕೆ ಐದಕ್ಕಿಂತ ಕಡಿಮೆ. ರಕ್ತದಿಂದ ರಕ್ತಕ್ಕೆ ದಾಟುತ್ತೆ: ಒಂದೇ ಸೂಜಿ ಹತ್ತು ಹಸುಗೆ ಚುಚ್ಚೋದು, ಕೊಂಬು ತೆಗೆಯೋ ಸಲಕರಣೆ ತೊಳೀದೆ ಮುಂದಿನ ಕರುಗೆ ಹಾಕೋದು, ಗರ್ಭ ನೋಡೋವಾಗ ಒಂದೇ ಕೈಗವಸಲ್ಲಿ ಸಾಲಾಗಿ ಎಲ್ಲಾ ಹಸುಗೂ ಕೈ ಹಾಕೋದು, ಕಚ್ಚೋ ನೊಣ, ಸೋಂಕಿರೋ ತಾಯಿ ಹಾಲು.

ಅಮೆರಿಕದಲ್ಲಿ ಇದು ಎಷ್ಟಿದೆ ಅಂದ್ರೆ, 2018ರಲ್ಲಿ ಪ್ರಕಟವಾದ ಹಲವು ರಾಜ್ಯಗಳ ಸಮೀಕ್ಷೇಲಿ ನೂರಕ್ಕೆ 94 ಹಿಂಡಲ್ಲಿ ವೈರಸ್ ಇತ್ತು, ಹಸು ಲೆಕ್ಕ ಹಾಕಿದ್ರೆ ನೂರಕ್ಕೆ 46. ಜಪಾನಲ್ಲಿ 2009ರಿಂದ 2011ರ ತನಕ ನೋಡಿದಾಗ ಹಾಲಿನ ಹಸುಗಳಲ್ಲಿ ನೂರಕ್ಕೆ 40 ಚಿಲ್ಲರೆ. ಯುರೋಪಿನ ಬಹಳ ದೇಶಗಳು ಇದನ್ನ ತೆಗೆದುಬಿಟ್ಟವು, ಟೆಸ್ಟ್ ಮಾಡಿ ಪಾಸಿಟಿವ್ ಬಂದ ಹಸು ಎಲ್ಲಾ ಹಿಂಡಿಂದ ಹೊರಗೆ. ಅವರ ಹತ್ರ ಸೋಂಕು ಕಡಿಮೆ ಇತ್ತು, ಮಾಡೋಕಾಯ್ತು. ಅರ್ಧ ಹಿಂಡೇ ಪಾಸಿಟಿವ್ ಇರೋ ರೈತ ಅರ್ಧ ಕೊಟ್ಟಿಗೆ ಖಾಲಿ ಮಾಡು ಅಂದ್ರೆ ಮಾಡ್ತಾನಾ? ಆಗಲ್ಲ. ಅಲ್ಲಿಂದ್ಲೇ ಈ ಹೊಸ ಪ್ರಶ್ನೆ ಹುಟ್ಟಿದ್ದು, ಪಾಸಿಟಿವ್ ಇರೋ ಎಲ್ಲಾ ಹಸುನೂ ಒಂದೇ ಥರ ವೈರಸ್ ಹಂಚ್ತಾವಾ ಅಂತ.

ಹಂಚಲ್ಲ. ರಕ್ತದಲ್ಲಿ ವೈರಸ್ ಸೇರಿದ ಕಣ ಎಷ್ಟಿದೆ ಅಂತ ಪಿಸಿಆರ್‌ನಲ್ಲಿ ಅಳೀಬಹುದು, ಪ್ರೊವೈರಲ್ ಲೋಡ್ ಅಂತಾರೆ. ಕೆಲವು ಹಸುಗಳಲ್ಲಿ ಅದು ಆಕಾಶಕ್ಕೇರಿರುತ್ತೆ, ಕೆಲವದರಲ್ಲಿ ಹುಡುಕಿದ್ರೂ ಸಿಗದಷ್ಟು ಕಡಿಮೆ. ಜಾಸ್ತಿ ಇರೋ ಹಸು ರಕ್ತ ಒಂದು ಚೂರು ಸೂಜಿ ತುದೀಲಿದ್ರೆ ಸಾಕು. ಅರ್ಜೆಂಟೀನಾದ ತಾಂದಿಲ್ ವಿಶ್ವವಿದ್ಯಾಲಯದ ತಂಡ ಏನ್ ಮಾಡ್ತು ಅಂದ್ರೆ, ಕಡಿಮೆ ಲೋಡ್ ಇರೋ ಪಾಸಿಟಿವ್ ಹಸುಗಳನ್ನ ಸೋಂಕೇ ಇಲ್ಲದ ಹಸುಗಳ ಜೊತೆ ತಿಂಗಳುಗಟ್ಟಲೆ ಒಟ್ಟಿಗೆ ಬಿಟ್ಟು ನೋಡ್ತು. ದಾಟಲಿಲ್ಲ. 2016ರಲ್ಲಿ ಅದು ಪ್ರಕಟ ಆಯ್ತು, ಆಮೇಲೆ ಇಲ್ಲಿ ಮಿಚಿಗನ್ ಸ್ಟೇಟ್ ವಿಶ್ವವಿದ್ಯಾಲಯದವರು ರೈತರ ಹಿಂಡುಗಳಲ್ಲೇ ಅತಿ ಹೆಚ್ಚು ಲೋಡ್ ಇರೋ ಹಸುಗಳನ್ನ ಮಾತ್ರ ತೆಗೆದು ನೋಡಿದ್ರು, ಪಾಸಿಟಿವ್ ಇರೋ ಉಳಿದವು ಹಾಗೇ ಹಿಂಡಲ್ಲೇ ಇದ್ವು, ಆದ್ರೂ ಹೊಸ ಸೋಂಕು ಇಳೀತು.

ಈಗ ಜೀನ್ ವಿಷಯ. ಲೋಡ್ ಯಾಕೆ ಒಂದರಲ್ಲಿ ಜಾಸ್ತಿ ಇನ್ನೊಂದರಲ್ಲಿ ಕಡಿಮೆ? ದನದ 23ನೇ ಕ್ರೋಮೋಸೋಮಲ್ಲಿ ಡಿಆರ್‌ಬಿ3 ಅಂತ ಒಂದು ಜೀನ್ ಇದೆ. ವೈರಸ್ಸಿನ ತುಣುಕು ಹಿಡಿದು ಕಣದ ಮೇಲ್ಮೈಗೆ ತಂದು ಕಾವಲು ಕಣಗಳಿಗೆ ತೋರಿಸೋ ಪ್ರೋಟೀನ್ ಮಾಡೋದು ಅದೇ. ಈ ಜೀನ್ ಎಲ್ಲಾ ಹಸುಲೂ ಒಂದೇ ರೂಪದಲ್ಲಿಲ್ಲ, ನೂರಾರು ರೂಪ ಇದೆ, ಒಂದೊಂದಕ್ಕೂ ನಂಬರ್. 009:02 ಅನ್ನೋ ರೂಪ ಇರೋ ಹಸುಗೆ ಬಿಎಲ್‌ವಿ ಬಂದ್ರೂ ಲೋಡ್ ಕೆಳಗೇ ಇರುತ್ತೆ. ಅರ್ಜೆಂಟೀನಾದಲ್ಲೂ ಕಂಡಿದೆ, ಅಮೆರಿಕದಲ್ಲೂ ಕಂಡಿದೆ, ಜಪಾನಲ್ಲಿ ರೈಕೆನ್ ಸಂಸ್ಥೆಯ ಯೋಕೊ ಐದಾ ಅವರ ತಂಡಕ್ಕೂ ಕಂಡಿದೆ. ಮೂರು ಖಂಡದಲ್ಲಿ ಬೇರೆ ಬೇರೆ ಜನ ಬೇರೆ ಬೇರೆ ಹಿಂಡಲ್ಲಿ ನೋಡಿ ಅದೇ ಉತ್ತರ ಬಂದ್ರೆ ನಂಬಬಹುದು. ಅದೇ ಥರ 016:01 ಇರೋ ಜಪಾನಿನ ಕಪ್ಪು ದನಗಳಲ್ಲಿ ಲೋಡ್ ಜಾಸ್ತಿ.

ನನಗೆ ಇದರಲ್ಲಿ ಬಹಳ ಮುಖ್ಯ ಅನ್ಸೋದು ಇದು: 009:02 ಇರೋ ಹಸುಗೂ ಸೋಂಕು ತಗುಲುತ್ತೆ, ರಕ್ತ ಪರೀಕ್ಷೆಲಿ ಪಾಸಿಟಿವ್ ಅಂತಾನೇ ಬರುತ್ತೆ. ಬರೀ ಪಾಸಿಟಿವ್ ನೆಗೆಟಿವ್ ನೋಡಿ ಹಸು ತೆಗೀತಾ ಹೋಗೋ ರೈತ ಆ ಹಸುನೂ ಮಾರಿಬಿಡ್ತಾನೆ. ಆದ್ರೆ ಹಿಂಡಲ್ಲಿ ಇರಬೇಕಾದ ಹಸುನೇ ಅದು, ಒದ್ದೆ ಸೌದೆ ಮಧ್ಯೆ ಇದ್ರೆ ಬೆಂಕಿ ಆಕಡೆ ದಾಟಲ್ಲ ನೋಡಿ, ಹಾಗೆ.

ಎಐ_ಪಾಂಡವಪುರ

ಸರ್ ನಾನು ಊರೂರು ತಿರುಗಿ ಕೃತಕ ಗರ್ಭಧಾರಣೆ ಮಾಡೋನು. ತುಂಬ ಚೆನ್ನಾಗಿ ಹೇಳಿದ್ರಿ, ಒಂದು ಡೌಟು. ಆ 009:02 ಒಂದೇ ಕಡೆಯಿಂದ ಬಂದ್ರೆ ಸಾಕಾ ಇಲ್ಲ ತಾಯಿ ತಂದೆ ಎರಡೂ ಕಡೆಯಿಂದ ಬರಬೇಕಾ? ಒಂದೇ ಸಾಕು ಅಂದ್ರೆ ಹೋರಿ ಕಡೆಯಿಂದ್ಲೇ ತರಬಹುದಲ್ವಾ, ಸೆಮೆನ್ ಕಡ್ಡಿ ಮೇಲೇ ಬರೆದುಬಿಟ್ರೆ ಆಯ್ತು.

ಮಿಚಿಗನ್_ಮಂಡ್ಯ

@ಎಐ_ಪಾಂಡವಪುರ ಸರಿಯಾದ ಜಾಗಕ್ಕೇ ಬಂದ್ರಿ. ಒಂದು ಪ್ರತಿ ಇದ್ರೂ ಕೆಲಸ ಮಾಡುತ್ತೆ ಅನ್ನೋದೇ ಇದರ ಅನುಕೂಲ. ಹೋರಿಗೆ ಎರಡೂ ಪ್ರತಿ 009:02 ಇದ್ರೆ ಹುಟ್ಟೋ ಪ್ರತಿ ಕರುಗೂ ಒಂದು ಬರುತ್ತೆ, ಹೋರಿಗೆ ಒಂದೇ ಇದ್ರೆ ಅರ್ಧ ಕರುಗಳಿಗೆ. ಹೋಲ್‌ಸ್ಟೀನ್‌ಗಳಲ್ಲಿ ಈ ರೂಪ ಇದೆ ಆದ್ರೆ ಹೆಚ್ಚಿಲ್ಲ, ಎರಡೂ ಪ್ರತಿ ಇರೋ ಒಳ್ಳೆ ಹಾಲಿನ ಹೋರಿ ಹುಡುಕೋದು ಸುಲಭ ಅಲ್ಲ.

ಮಲೆನಾಡ_ಪಶುವೈದ್ಯ

ಇಲ್ಲೊಂದು ಎಚ್ಚರಿಕೆ ಹೇಳ್ಲೇಬೇಕು. ಒಂದೇ ಜೀನ್ ಹಿಂದೆ, ಒಂದೇ ಹೋರಿ ಹಿಂದೆ ಎಲ್ಲರೂ ಓಡಿದ್ರೆ ಏನಾಗುತ್ತೆ ಅನ್ನೋದಕ್ಕೆ ಹೋಲ್‌ಸ್ಟೀನ್ ಇತಿಹಾಸದಲ್ಲೇ ಉದಾಹರಣೆ ಇದೆ. ಅಮೆರಿಕದ ಆಸ್ಬಾರ್ನ್‌ಡೇಲ್ ಐವನ್‌ಹೋ ಅಂತ ಹೋರಿ, ಹಾಲಿನ ವಂಶಕ್ಕೆ ದೊಡ್ಡ ಹೆಸರು, ಅದರ ಮಕ್ಕಳು ಮೊಮ್ಮಕ್ಕಳ ಸೆಮೆನ್ ಪ್ರಪಂಚ ಪೂರ್ತಿ ಹೋಯ್ತು. ಜೊತೆಗೇ ಬಿಎಲ್‌ಎಡಿ ಅನ್ನೋ ಜೀನ್ ದೋಷನೂ ಹೋಯ್ತು. ಬಿಳಿರಕ್ತ ಕಣ ರಕ್ತನಾಳದಿಂದ ಆಚೆ ಬಂದು ಸೋಂಕಿನ ಜಾಗ ಮುಟ್ಟೋಕೇ ಆಗಲ್ಲ, ಎರಡೂ ಕಡೆಯಿಂದ ದೋಷ ಬಂದ ಕರು ಭೇದಿ, ನ್ಯುಮೋನಿಯಾ, ಬಾಯಿ ಹುಣ್ಣು ಅಂತ ನರಳಿ ಚಿಕ್ಕದರಲ್ಲೇ ಸಾಯುತ್ತೆ. 1990ರ ದಶಕದ ಆರಂಭದಲ್ಲಿ ಡಿಎನ್‌ಎ ಟೆಸ್ಟ್ ಬಂದ ಮೇಲೆ ಅದು ಹತೋಟಿಗೆ ಬಂತು.

@ಎಐ_ಪಾಂಡವಪುರ ನೀವು ತರೋ ಸೆಮೆನ್ ಹೆಸರಘಟ್ಟದ ಕೇಂದ್ರಗಳದ್ದಾದ್ರೆ, ಅಲ್ಲಿನ ಹೋರಿಗಳಿಗೆ ಬಿಎಲ್‌ಎಡಿ ಸೇರಿ ಕೆಲವು ಜೀನ್ ಪರೀಕ್ಷೆ, ಐಬಿಆರ್, ಬಿವಿಡಿ (ಎರಡೂ ಗಬ್ಬ ಹೋಗೋ ಹಾಗೆ ಮಾಡೋ ವೈರಸ್ ರೋಗ), ಕಂದುರೋಗ (ಬ್ರುಸೆಲ್ಲೋಸಿಸ್), ಕ್ಷಯ ಇತ್ಯಾದಿ ರೋಗ ಪರೀಕ್ಷೆ ಕೇಂದ್ರ ಸರ್ಕಾರದ ಕನಿಷ್ಠ ಮಾನದಂಡದಲ್ಲೇ ಇದೆ. ಅಂದ್ರೆ ಜೀನ್ ನೋಡಿ ಹೋರಿ ಆರಿಸೋದು ನಮಗೆ ಹೊಸದಲ್ಲ, ಕೆಟ್ಟದ್ದನ್ನ ತೆಗೆಯೋಕೆ ಈಗಾಗ್ಲೇ ಮಾಡ್ತಿದೀವಿ. ಒಳ್ಳೇದನ್ನ ಸೇರಿಸೋಕೆ ಮಾಡೋವಾಗ ಇನ್ನೂ ಹುಷಾರಾಗಿರಬೇಕು. ಡಿಆರ್‌ಬಿ3ಗೆ ನೂರಾರು ರೂಪ ಇರೋದು ಸುಮ್ನೆ ಅಲ್ಲ, ಒಂದು ರೂಪ ಒಂದು ವೈರಸ್ಸಿನ ತುಣುಕು ಚೆನ್ನಾಗಿ ಹಿಡಿದ್ರೆ ಇನ್ನೊಂದನ್ನ ಹಿಡೀದೇ ಇರಬಹುದು. ಇಡೀ ತಾಲೂಕಿನ ಹಸುಗೆಲ್ಲಾ ಒಂದೇ ರೂಪ ತುಂಬಿಸಿದ್ಮೇಲೆ ನಾಳೆ ಹೊಸ ವೈರಸ್ ಬಂದ್ರೆ ಎಲ್ಲಾ ಒಟ್ಟಿಗೇ ಬೀಳ್ತಾವೆ.

ಬೆಂಗ್ಳೂರು_ಬಯೋ

ಇಷ್ಟೆಲ್ಲಾ ತಲೆಮಾರು ಕಾಯೋದು ಯಾಕೆ, ಜೀನ್ ಎಡಿಟಿಂಗ್, ಅಂದ್ರೆ ಡಿಎನ್‌ಎಯಲ್ಲಿ ಬೇಕಾದ ಜಾಗಾನೇ ತಿದ್ದೋದು, ಇದೆಯಲ್ಲ. ಹಾಸನದವ್ರು ಕೇಳಿದ ಗಿರ್ ಕರು ಅದೇ ತಾನೆ? ಹಂದಿಗಳಲ್ಲಿ ಪಿಆರ್‌ಆರ್‌ಎಸ್ (ಗರ್ಭಪಾತ, ಉಸಿರಾಟದ ತೊಂದರೆ ತರೋ ರೋಗ) ವೈರಸ್ ಹತ್ತದ ಹಾಗೆ ಎಡಿಟ್ ಮಾಡಿದ್ದಕ್ಕೆ 2025ರ ಏಪ್ರಿಲಲ್ಲಿ ಅಮೆರಿಕದ ಆಹಾರ-ಔಷಧ ಇಲಾಖೆ ಎಫ್‌ಡಿಎ ಒಪ್ಪಿಗೆನೇ ಕೊಟ್ಟಾಯ್ತು. ಹಸುಗೂ ಮಾಡಿದ್ರೆ ಮುಗೀತಲ್ಲ.

ಮಿಚಿಗನ್_ಮಂಡ್ಯ

ಹೌದು ಆ ವಿಡಿಯೋದ ಕರು ನಿಜ. ಹೆಸರು ಜಿಂಜರ್. 2021ರ ಜುಲೈಯಲ್ಲಿ ಹುಟ್ಟಿದ್ದು, 2023ರಲ್ಲಿ ಅದರ ಬಗ್ಗೆ ಪ್ರಬಂಧ ಬಂತು. ನೆಬ್ರಾಸ್ಕಾದ ಕ್ಲೇ ಸೆಂಟರ್‌ನಲ್ಲಿರೋ ಅಮೆರಿಕ ಕೃಷಿ ಇಲಾಖೆ ಸಂಶೋಧನಾ ಕೇಂದ್ರ, ನೆಬ್ರಾಸ್ಕಾ ಮತ್ತೆ ಕೆಂಟಕಿ ವಿಶ್ವವಿದ್ಯಾಲಯಗಳು, ಅಕ್ಸೆಲಿಜೆನ್ ಅನ್ನೋ ಕಂಪನಿ ಸೇರಿ ಮಾಡಿದ್ದು. ಗಿರ್ ತಳಿಯ ಚರ್ಮದ ಕಣ ತಗೊಂಡು ಅದರಲ್ಲಿ ಎಡಿಟ್ ಮಾಡಿ ಆ ಕಣದಿಂದ ಕ್ಲೋನ್ ಮಾಡಿ ಹುಟ್ಟಿಸಿದ್ದು.

ಇದು ಬಿವಿಡಿ ವೈರಸ್ಸಿಗೆ. ಆ ವೈರಸ್ ಕಣದೊಳಗೆ ಹೋಗೋಕೆ ಸಿಡಿ46 ಅನ್ನೋ ಪ್ರೋಟೀನ್ ಹಿಡ್ಕೊಳುತ್ತೆ, ಹಿಡ್ಕೊಳ್ಳೋ ಜಾಗದಲ್ಲಿ ಆರೇ ಆರು ಅಮೈನೋ ಆಮ್ಲ (ಪ್ರೋಟೀನ್ ಕಟ್ಟಿರೋ ಸಣ್ಣ ತುಣುಕು) ಬದಲಾಯಿಸಿದ್ರು. ಪ್ರೋಟೀನಿನ ಉಳಿದ ಭಾಗ ಹಾಗೇ ಬಿಟ್ರು, ಯಾಕಂದ್ರೆ ಹಸುಗೂ ಅದರಿಂದ ಬೇರೆ ಕೆಲಸ ಇದೆ. ಆಮೇಲೆ ವೈರಸ್ ಸುರಿಸ್ತಾ ಇರೋ ಒಂದು ಕರು ಜೊತೆ ಒಂದು ವಾರ ಒಂದೇ ಕೊಠಡೀಲಿ ಕಟ್ಟಿದ್ರು. ಜಿಂಜರ್‌ಗೆ ಸೋಂಕು ತುಂಬ ಕಡಿಮೆ ಹತ್ತಿತು, ಕಾಯಿಲೆ ಲಕ್ಷಣ ಕಾಣಲಿಲ್ಲ, 20 ತಿಂಗಳ ತನಕ ನೋಡಿದಾಗ ಬೇರೆ ತೊಂದರೆನೂ ಇರಲಿಲ್ಲ.

ಆ "ಸುರಿಸ್ತಾ ಇರೋ ಕರು" ಅಂದ್ನಲ್ಲ, ನಮ್ಮ ಇಡೀ ಚರ್ಚೆಗೆ ಅದು ಬೇಕು. ಗಬ್ಬದ ಮೊದಲ ನಾಲ್ಕು ತಿಂಗಳೊಳಗೆ ತಾಯಿಗೆ ಬಿವಿಡಿ ಬಂದ್ರೆ, ಹೊಟ್ಟೇಲಿರೋ ಕರುವಿನ ರೋಗನಿರೋಧಕ ವ್ಯವಸ್ಥೆ ಇನ್ನೂ ಬೆಳೆದಿರಲ್ಲ, ವೈರಸ್ಸನ್ನ ತನ್ನದೇ ಮೈ ಭಾಗ ಅಂದ್ಕೊಂಡುಬಿಡುತ್ತೆ. ಹುಟ್ಟಿದ ಮೇಲೆ ಬದುಕಿರೋ ತನಕ ಮೂಗು, ಜೊಲ್ಲು, ಸಗಣಿ, ಗಂಜಳ ಎಲ್ಲದರಲ್ಲೂ ವೈರಸ್ ಬಿಡ್ತಾ ಇರುತ್ತೆ. ಕೆಲವು ಬಡಕಲಾಗಿರ್ತಾವೆ, ಕೆಲವು ನೋಡೋಕೆ ಚೆನ್ನಾಗೇ ಇರ್ತಾವೆ. ಹಿಂಡಲ್ಲಿ ಇಂಥದ್ದು ಒಂದಿದ್ರೆ ಹಸು ಕಂದು ಹಾಕೋದು (ಗರ್ಭಪಾತ), ಬೆದೆಗೆ ಸರಿಯಾಗಿ ಬರದಿರೋದು, ಕರು ಸಾಯೋದು ಎಲ್ಲಾ ಶುರು. ಕಿವಿ ಅಂಚಿನ ಒಂದು ಚೂರು ತೆಗೆದು ಟೆಸ್ಟ್ ಮಾಡಿದ್ರೆ ಸಿಕ್ಕಿಬೀಳುತ್ತೆ. ಎಡಿಟಿಂಗ್ ಬರೋಕ್ ಮುಂಚೆನೇ ಯುರೋಪಿನ ಎಷ್ಟೋ ದೇಶ ಈ ಕಿವಿ ಚೂರಿಂದ್ಲೇ ಬಿವಿಡಿನ ಬಹುಪಾಲು ಓಡಿಸಿದ್ವು.

@ಬೆಂಗ್ಳೂರು_ಬಯೋ ಆದ್ದರಿಂದ ಮುಗೀತು ಅಂತ ನಾನು ಹೇಳಲ್ಲ. ಜಿಂಜರ್ ಒಂದೇ ಕರು, ಒಂದೇ ವೈರಸ್. ಹಂದಿ ವಿಷಯದಲ್ಲಿ ಕಂಪನಿ ಕೈಲಿ ಇಡೀ ವಂಶಾವಳಿ ಇರುತ್ತೆ, ಕೆಲವೇ ತಲೆಮಾರಲ್ಲಿ ಎಲ್ಲಾ ಹಂದಿಗೂ ಹಬ್ಬಿಸಬಹುದು. ಎರಡು ಮೂರು ಹಸು ಕಟ್ಟೋ ಲಕ್ಷಾಂತರ ಮನೆಗಳಿಗೆ ಹಾಗೆ ಮುಟ್ಟಿಸೋದು ಬೇರೆ ಮಾತು.

ಮಲೆನಾಡ_ಪಶುವೈದ್ಯ

ಕಾನೂನೂ ಇದೆ. 2022ರಲ್ಲಿ ನಮ್ಮಲ್ಲಿ ಕೆಲವು ಬಗೆ ಜೀನ್ ಎಡಿಟಿಂಗಿಗೆ ನಿಯಮ ಸಡಿಲ ಮಾಡಿದ್ದು ಸಸ್ಯಗಳಿಗೆ, ಪ್ರಾಣಿಗಳಿಗಲ್ಲ.

ಹೊಸಕೋಟೆ_ಶಾಂತಾ

ಎಲ್ಲಾ ಓದಿ ತಲೆ ತಿರುಗ್ತಾ ಇದೆ ಆದ್ರೂ ಬಿಡೋಕೆ ಮನಸ್ಸಾಗ್ಲಿಲ್ಲ. ಎರಡು ಪ್ರಶ್ನೆ. ಬಿಎಲ್‌ವಿ ಇರೋ ಹಸು ಹಾಲು ಕುಡಿದ್ರೆ ಮಕ್ಕಳಿಗೆ ಏನಾದ್ರೂ ಆಗುತ್ತಾ? ಕ್ಯಾನ್ಸರ್ ಅಂದ ತಕ್ಷಣ ಎದೆ ಧಸಕ್ ಅಂತು. ಎರಡನೇದು, ನಮ್ಮೂರಲ್ಲಿ ಲಸಿಕೆ ಹಾಕೋಕೆ ಬಂದವ್ರು ಒಂದೇ ಸೂಜೀಲಿ ಬೀದಿ ಪೂರ್ತಿ ಹಸುಗೆ ಹಾಕ್ಕೊಂಡು ಹೋಗಿದ್ದನ್ನ ಕಣ್ಣಾರೆ ನೋಡಿದೀನಿ, ಆವಾಗ ಏನೂ ಅನ್ನಿಸಿರಲಿಲ್ಲ ಈಗ ಭಯ ಆಗ್ತಿದೆ. ಸೂಜಿ ಬೇರೆ ಹಾಕಿ ಅಂತ ಕೇಳಬಹುದಾ?

ಮಲೆನಾಡ_ಪಶುವೈದ್ಯ

@ಹೊಸಕೋಟೆ_ಶಾಂತಾ ಹಾಲು ಕಾಯಿಸಿ ಕುಡೀರಿ ಅಮ್ಮ, ಪಾಶ್ಚರೀಕರಣದ ಬಿಸಿಗೇ ಆ ವೈರಸ್ ಸಾಯುತ್ತೆ, ಉಕ್ಕು ಬಂದ ಹಾಲಿನ ಮಾತೇ ಬೇಡ. ಹಸಿ ಹಾಲು ಯಾವ ಕಾರಣಕ್ಕೂ ಬೇಡ, ಬಿಎಲ್‌ವಿ ಬಿಡಿ, ಕಂದುರೋಗ ಕ್ಷಯ ಇದೆಯಲ್ಲ.

ಸೂಜಿ ಖಂಡಿತ ಕೇಳಿ. ಕೇಳೋದು ನಿಮ್ಮ ಹಕ್ಕು, ಯಾರೂ ಬೇಜಾರಾಗಬಾರದು. ಸೂಜಿ ಒಂದು ಡಬ್ಬಿ ನೀವೇ ತಂದಿಟ್ಕೊಂಡ್ರೂ ಆಯ್ತು, ಔಷಧಿ ಅಂಗಡೀಲಿ ಸಿಗುತ್ತೆ, ಒಂದು ಲೀಟರ್ ಹಾಲಿನ ದುಡ್ಡಿಗೆ ಕೊಟ್ಟಿಗೆ ಪೂರ್ತಿಗೆ ಆಗೋಷ್ಟು ಬರುತ್ತೆ. ಸೂಜಿ ಬದಲಾಯಿಸೋ ನೆಪದಲ್ಲಿ ಲಸಿಕೆ ಮಾತ್ರ ತಪ್ಪಿಸಬೇಡಿ. ಕಾಲುಬಾಯಿ ಲಸಿಕೆ ಆರು ತಿಂಗಳಿಗೊಮ್ಮೆ ಆಗ್ಲೇಬೇಕು, 2013ರಲ್ಲಿ ನಮ್ಮ ರಾಜ್ಯದಲ್ಲಿ ಈ ರೋಗ ಏನು ಮಾಡ್ತು ಅಂತ ಹಳೇ ಮೈಸೂರು ಭಾಗದ ಹೈನುಗಾರರನ್ನ ಕೇಳಿ.

ಧಾರವಾಡ_ಎಮ್ಮಿ

ನಾ ಮೊದಲು ಹೇಳಿದ್ದಕ್ಕ ಇನ್ನೂ ನಿಂತೇನ್ರಿ, ಆದ್ರ ಈಗ ಬ್ಯಾರೆ ಥರಾ ಕೇಳತೇನಿ. ಆ ಡಿಆರ್‌ಬಿ3 ಅಂತೀರಲ್ಲ, ನಮ್ಮ ಹಳ್ಳಿಕಾರ, ಅಮೃತಮಹಲ, ಕೃಷ್ಣಾ ವ್ಯಾಲಿ, ಮಲೆನಾಡ ಗಿಡ್ಡ, ಇವುಗಳದಾಗ ಯಾವ್ಯಾವ ರೂಪ ಅದಾವ ಅಂತ ಯಾರರ ಕುಂತು ಪೂರ್ತಿ ಪಟ್ಟಿ ಮಾಡ್ಯಾರೇನ್ರಿ? ಹಾಲಿನ ಲೆಕ್ಕಕ್ಕ ಚಿಪ್ ಮಾಡ್ಯಾರ ಅಂತ ಕೇಳೇನಿ. ಹೊರಗಿನವರು ಗಿರ್ ಕಣಾ ಒಯ್ದು ಪ್ರಯೋಗ ಮಾಡತಾರ, ಬ್ರೆಜಿಲ್‌ದವರು ನಮ್ಮ ಗಿರ್ ಒಯ್ದು ಹಾಲಿನ ಹೊಳಿ ಹರಿಸ್ಯಾರ. ನಮ್ಮ ದನದ ರಕ್ತದಾಗ ಏನೈತಿ ಅಂತ ನೋಡೂದು ನಮ್ಮ ಕೆಲಸ ಅಲ್ಲೇನು? ಕೃಷ್ಣಾ ವ್ಯಾಲಿ ಈಗ ಎಷ್ಟು ಉಳದಾವು ಅನ್ನೂದು ನೋಡಿದ್ರ ಹೊಟ್ಟ್ಯಾಗ ಸಂಕಟ ಆಕ್ಕತಿ. ನೋಡೂ ಮೊದಲ ತಳಿನ ಹೋದ್ರ ಯಾವ ಜೀನ್ ಹುಡುಕತೀರಿ?

ಮಿಚಿಗನ್_ಮಂಡ್ಯ

ಅಕ್ಕ, ಇಡೀ ಚರ್ಚೇಲಿ ನನಗೆ ಹೆಚ್ಚು ತಟ್ಟಿದ ಮಾತು ಇದು. 2024ರ ಅಕ್ಟೋಬರಲ್ಲಿ ದನಕ್ಕೆ ಗೌ ಚಿಪ್, ಎಮ್ಮೆಗೆ ಮಹಿಷ್ ಚಿಪ್ ಅಂತ ದೇಶಕ್ಕೇ ಒಂದು ಜೀನೋಮಿಕ್ ಚಿಪ್ ಬಿಡುಗಡೆ ಆಯ್ತು. ಚಿಪ್ ಅಂದ್ರೆ ಓದೋ ಸಾಧನ ಅಷ್ಟೇ. ಯಾವ ಹಸುಗೆ ಯಾವ ರೋಗ ಬಂತು, ಯಾವಾಗ ಬಂತು, ಪಕ್ಕದ ಹಸುಗೆ ದಾಟ್ತಾ, ಲಸಿಕೆ ಆಗಿತ್ತಾ, ಈ ಲೆಕ್ಕ ಪಕ್ಕದಲ್ಲಿ ಇಲ್ಲಾಂದ್ರೆ ಚಿಪ್ ಓದಿದ ಡಿಎನ್‌ಎಗೆ ಅರ್ಥ ಹಚ್ಚೋಕಾಗಲ್ಲ.

ಬ್ರಿಟನ್‌ದವ್ರ ಉದಾಹರಣೆ ಕೊಡ್ತೀನಿ. ವೈರಸ್ ಅಲ್ಲ, ದನದ ಕ್ಷಯ, ಆದ್ರೆ ದಾರಿ ಅದೇ. ಸರ್ಕಾರ ಕ್ಷಯದ ಪರೀಕ್ಷೆ ಕಡ್ಡಾಯ ಮಾಡಿತ್ತಲ್ಲ, ಲಕ್ಷಾಂತರ ಹಸುಗಳ ಫಲಿತಾಂಶ ಹೆಸರು ನಂಬರ್ ಸಮೇತ ಫೈಲಲ್ಲಿತ್ತು. ಎಡಿನ್‌ಬರಾದ ರಾಸ್ಲಿನ್ ಸಂಸ್ಥೆಯವ್ರು ಅದನ್ನ ಹೋರಿಗಳ ವಂಶಾವಳಿ ಜೊತೆ ಹೊಂದಿಸಿ ನೋಡಿದ್ರು, ಯಾವ ಹೋರಿ ಹೆಣ್ಣುಮಕ್ಕಳಿಗೆ ಕ್ಷಯ ಕಡಿಮೆ ಬರುತ್ತೆ ಅಂತ ಗೊತ್ತಾಯ್ತು. 2016ರ ಜನವರಿಯಿಂದ ಹೋಲ್‌ಸ್ಟೀನ್ ಹೋರಿಗಳಿಗೆ ಹಾಲಿನ ಅಂಕದ ಪಕ್ಕದಲ್ಲೇ ಟಿಬಿ ಅಡ್ವಾಂಟೇಜ್ ಅಂತ ಇನ್ನೊಂದು ಅಂಕ ಬರ್ತಿದೆ. ಎಡಿಟಿಂಗ್ ಇಲ್ಲ, ಒಂದೇ ಜೀನೂ ಅಲ್ಲ, ನೂರಾರು ಜೀನಿನ ಸಣ್ಣ ಸಣ್ಣ ಪಾಲು ಕೂಡಿಸಿದ ಲೆಕ್ಕ. ಅದೇ ರಾಸ್ಲಿನ್‌ನಲ್ಲಿ ಈಗ ಹಸು ಎಷ್ಟು ಬೇಗ ಸೋಂಕು ಹಿಡಿಯುತ್ತೆ ಅನ್ನೋದರ ಜೊತೆಗೆ ಎಷ್ಟು ಹಂಚುತ್ತೆ ಅನ್ನೋದನ್ನೂ ವಂಶದ ಗುಣವಾಗಿ ಅಳೆಯೋ ಲೆಕ್ಕಾಚಾರ ಕಟ್ತಿದಾರೆ, ಯಾಕಂದ್ರೆ ಒಂದು ಹಸು ತಾನು ಹಂಚದೇ ಇದ್ರೆ ಅದರ ಲಾಭ ಪಕ್ಕದ ಹಸುಗೆ ಕಾಣುತ್ತೆ, ಆ ಹಸುವಿನ ಸ್ವಂತ ದಾಖಲೇಲಿ ಕಾಣೋದೇ ಇಲ್ಲ.

ಎಐ_ಪಾಂಡವಪುರ

ನಮ್ಮಲ್ಲೂ ಕಿವಿ ಓಲೆ ಹಾಕಿ 12 ಅಂಕಿ ನಂಬರ್ ಕೊಟ್ಟಿದಾರೆ, ಗರ್ಭಧಾರಣೆ ಲಸಿಕೆ ಎಲ್ಲಾ ಮೊಬೈಲಲ್ಲಿ ಅಪ್‌ಲೋಡ್ ಮಾಡ್ತೀವಿ. ಕಷ್ಟ ಏನಪ್ಪಾ ಅಂದ್ರೆ ಓಲೆ ಉದುರಿದ್ರೆ ಯಾರೂ ಮತ್ತೆ ಹಾಕ್ಸಲ್ಲ, ಹಸು ಮಾರಿದ್ರೆ ಹೆಸರು ಬದಲಾಯಿಸಲ್ಲ, ಯಾವ ಹೋರಿ ಸೆಮೆನ್ ಅಂತ ರೈತರೂ ಕೇಳಲ್ಲ, ಹಾಲು ಜಾಸ್ತಿ ಬರೋದು ಹಾಕಿ ಅಂತಾರೆ ಅಷ್ಟೇ. ಹೋರಿ ನಂಬರ್ ಕಡ್ಡಿ ಮೇಲೇ ಅಚ್ಚಾಗಿರುತ್ತೆ. ಇನ್ಮೇಲೆ ನಾನು ಹೋದ ಕಡೆಯೆಲ್ಲಾ ಅದನ್ನ ಗೋಡೆ ಕ್ಯಾಲೆಂಡರಲ್ಲಿ ಬರೆಸ್ತೀನಿ.

ಹಾಸನ_ಹೈನು

ಇಷ್ಟು ವಿವರ ಸಿಗುತ್ತೆ ಅಂತ ಅಂದ್ಕೊಂಡಿರಲಿಲ್ಲ, ಎಲ್ಲರಿಗೂ ಕೈ ಮುಗಿದೆ. ಕೊನೇದಾಗಿ ಒಂದು. ನನ್ನ ಎರಡು ಹಸು ವಿಷಯ ಹೇಳಿದ್ನಲ್ಲ, ಆ ಗಟ್ಟಿ ಹಸುಗೆ ಈಗ ಹೆಣ್ಣುಕರು ಇದೆ. ಅದನ್ನ ಉಳಿಸ್ಕೊಳ್ಳೋದಾ? ಮತ್ತೆ ಹೊಸ ಹಸು ತರೋವಾಗ ಏನು ಟೆಸ್ಟ್ ಕೇಳಬೇಕು?

ಮಲೆನಾಡ_ಪಶುವೈದ್ಯ

ಹಾಲು, ಗಬ್ಬ, ಕಾಲು, ಕೆಚ್ಚಲು ಚೆನ್ನಾಗಿದ್ರೆ ಉಳಿಸ್ಕೊಳ್ಳಿ, ಗಂಟು ರೋಗಕ್ಕೆ ಗಟ್ಟಿ ಅನ್ನೋ ಒಂದೇ ಕಾರಣಕ್ಕೆ ಬೇಡ, ಆ ಕರುಗೂ ಲಸಿಕೆ ಹಾಕ್ಸಿ. ಹೊಸ ಹಸು ತಂದ್ರೆ ಮೊದಲು ಮೂರು ನಾಲ್ಕು ವಾರ ಬೇರೆ ಕಟ್ಟಿ, ಮೇವಿನ ಬುಟ್ಟಿ ನೀರಿನ ಬಕೆಟ್ ಎಲ್ಲಾ ಬೇರೆ, ಹಾಲು ಕರೆಯೋದು ಕೊನೇಲಿ. ಕಂದುರೋಗ, ಕ್ಷಯ ಮೊದಲು ನೋಡ್ಸಿ. ಕೊಟ್ಟಿಗೇಲಿ ಮೇಲಿಂದ ಮೇಲೆ ಕಂದು ಹಾಕ್ತಿದ್ರೆ ಐಬಿಆರ್, ಬಿವಿಡಿ ಪರೀಕ್ಷೆಗೆ ನಿಮ್ಮ ತಾಲೂಕು ಪಶು ಆಸ್ಪತ್ರೆಯಿಂದ ಸ್ಯಾಂಪಲ್ ತೆಗೆಸಿ ಹೆಬ್ಬಾಳದ ಪಶು ಆರೋಗ್ಯ ಸಂಸ್ಥೆಗೆ ಕಳಿಸೋಕೆ ಹೇಳಿ. ಗಬ್ಬದ ಹಸು ತಂದಿದ್ರೆ ತಾಯಿ ಒಂದಕ್ಕೇ ಟೆಸ್ಟ್ ಮಾಡ್ಸಿ ಸುಮ್ನಾಗಬೇಡಿ, ಬಿವಿಡಿ ಅಡಗಿರೋದು ಹೊಟ್ಟೇಲಿರೋ ಕರುಲಿ, ಹುಟ್ಟಿದ ಮೇಲೆ ಅದರ ಕಿವಿ ಚೂರೂ ಕಳಿಸಬೇಕು.